ಎಲ್ ಜದೀದಾಗೆ ಹೊಸದಾಗಿ ಬರುವವರಿಗೆ

ಮೊರಾಕ್ಕೊ ಅಂದ ತಕ್ಷಣ ಮರಳುಗಾಡು ನೆನಪಾಗಿ, ನಮ್ಮವರು ಹತ್ತಿ ಬಟ್ಟೆ ಮಾತ್ರ ತುಂಬಿಕೊಂಡು ಬರುತ್ತಾರೆ. ಸ್ವೆಟರ್ ತನ್ನಿ. ಇದು ಅಟ್ಲಾಂಟಿಕ್ ಕರಾವಳಿ. ಇಲ್ಲಿನ ಸಮುದ್ರದ ನೀರು ತಣ್ಣಗಿರುವುದರಿಂದ ಬೇಸಿಗೆಯಲ್ಲೂ ಸೆಕೆ ಕಡಿಮೆ. ಮಳೆ ಬೀಳುವುದು ಚಳಿಗಾಲದಲ್ಲಿ. ಬಾಡಿಗೆ ಮನೆ ನೋಡುವಾಗ ಒಳಗೆ ಬಿಸಿಲು ಬರುತ್ತದೆಯೇ ಅಂತ ಮೊದಲು ನೋಡಿ. ತೇವ ಹಿಡಿದ ಗೋಡೆಗಳ ನಡುವೆ ಜನವರಿ ಕಳೆಯುವುದು ಕಷ್ಟ.

ಊರು ಕಾಸಾಬ್ಲಾಂಕಾದಿಂದ ಸುಮಾರು 100 ಕಿ.ಮೀ. ದೂರ. ನಿಮ್ಮಲ್ಲಿ ಹೆಚ್ಚಿನವರ ಕೆಲಸ ಇನ್ನೂ ದಕ್ಷಿಣಕ್ಕೆ, ಜೊರ್ಫ್ ಲಸ್ಫರ್ ಬಂದರಿನಲ್ಲಿ ಇರುತ್ತದೆ. ಈ ಭಾಗದ ದುಡ್ಡೆಲ್ಲ ಸುತ್ತುವುದೂ ಅಲ್ಲೇ. ಒಳನಾಡಿನ ಖುರಿಬ್ಗಾದಲ್ಲಿ 1921ರಿಂದ ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಕಲ್ಲು ತೆಗೆಯುತ್ತಿದ್ದಾರೆ. ಮೊದಲು ಅದು ರೈಲಿನಲ್ಲಿ ಬರುತ್ತಿತ್ತು. 2014ರಿಂದ ಪುಡಿ ಮಾಡಿ, ನೀರಲ್ಲಿ ಕಲಸಿ, 187 ಕಿ.ಮೀ. ಪೈಪಿನಲ್ಲಿ ಹರಿಸುತ್ತಾರೆ. ಗಣಿ ಎತ್ತರದಲ್ಲಿದೆ, ಬಂದರು ತಗ್ಗಿನಲ್ಲಿದೆ. ಬಹುಪಾಲು ಕೆಲಸ ಇಳಿಜಾರೇ ಮಾಡುತ್ತದೆ. ಗಂಧಕ ಮಾತ್ರ ಹೊರದೇಶದಿಂದ ಹಡಗಿನಲ್ಲಿ ಬರಬೇಕು. ಅದರಿಂದ ಗಂಧಕಾಮ್ಲ, ಆ ಆಮ್ಲ ಕಲ್ಲಿನ ಜೊತೆ ಸೇರಿ ಫಾಸ್ಫಾರಿಕ್ ಆಮ್ಲ. ಭಾರತದಲ್ಲಿ ಈ ಕಲ್ಲು ಕಡಿಮೆ, ಹಾಗಾಗಿ ನಮ್ಮ ಡಿಎಪಿ ಗೊಬ್ಬರದ ಕಾರ್ಖಾನೆಗಳು ಇಂಥ ಆಮ್ಲವನ್ನೇ ನೆಚ್ಚಿಕೊಂಡಿವೆ. ಈ ಆಮ್ಲ ಮಾಡುವ ಇಲ್ಲಿನ ಇಮಾಸಿಡ್ ಕಂಪನಿಯಲ್ಲಿ ಮೊರಾಕ್ಕೊದ ಫಾಸ್ಫೇಟ್ ಕಂಪನಿ ಒಸಿಪಿ, ನಮ್ಮ ಚಂಬಲ್ ಗೊಬ್ಬರ ಕಂಪನಿ ಮತ್ತು ಟಾಟಾ ಕೆಮಿಕಲ್ಸ್ ಮೂವರೂ ಪಾಲುದಾರರು. ಭಾರತೀಯರು ಇಲ್ಲಿಯವರಿಗೆ ಹೊಸಬರಲ್ಲ.

ಕಾರ್ಖಾನೆ, ಕ್ವಾರ್ಟರ್ಸ್ ಅಂತ ಓಡಾಡಿಕೊಂಡೇ ವರ್ಷ ಕಳೆಯುವವರಿದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ಹಳೇ ಕೋಟೆಗೆ ಹೋಗಿ. 1514ರಲ್ಲಿ ಪೋರ್ಚುಗೀಸರು ಕಟ್ಟಿದ್ದು. ಆಗ ಊರಿನ ಹೆಸರು ಮಝಗಾಂವ್. ಭಾರತಕ್ಕೆ ಬರುವ ಅವರ ಹಡಗುಗಳ ದಾರಿಯಲ್ಲಿ ಇಂಥ ಠಾಣೆಗಳು ಬೇಕಿದ್ದವು. ಕೋಟೆಯೊಳಗೆ ನೆಲದಡಿ ಒಂದು ನೀರಿನ ತೊಟ್ಟಿ ಇದೆ, ಕಂಬಗಳ ಮೇಲೆ ನಿಂತ ಕಮಾನುಗಳ ಕೆಳಗೆ. ಅದು ಮರೆತೇ ಹೋಗಿತ್ತು. 1916ರಲ್ಲಿ ಒಬ್ಬ ಅಂಗಡಿಯವನು ಗೋಡೆ ಒಡೆದಾಗ ಮತ್ತೆ ಸಿಕ್ಕಿತು. 1769ರಲ್ಲಿ ಸುಲ್ತಾನ್ ಮೊಹಮ್ಮದ್ ಬೆನ್ ಅಬ್ದಲ್ಲಾ ಮುತ್ತಿಗೆ ಹಾಕಿದಾಗ ಪೋರ್ಚುಗೀಸರು ಸಿಡಿಮದ್ದು ಹುಗಿದಿಟ್ಟು ಕಾಲು ಕಿತ್ತರು. ಊರಿನ ಜನರನ್ನು ಬ್ರೆಜಿಲ್‌ಗೆ ಸಾಗಿಸಿ, ಅಮೆಜಾನ್ ಸೀಮೆಯಲ್ಲಿ ಇನ್ನೊಂದು ಮಝಗಾಂವ್ ಕಟ್ಟಿಸಿದರು. ಇಡೀ ಊರೇ ಸಾಗರ ದಾಟಿತು ಅಂದರೆ ನೋಡಿ! ಇಲ್ಲಿ ಪಾಳು ಬಿದ್ದದ್ದರಲ್ಲಿ ಮತ್ತೆ ಜನ ನೆಲೆಸಿದ್ದು 19ನೇ ಶತಮಾನದಲ್ಲಿ, ಮುಸ್ಲಿಮರೂ ಯಹೂದಿಗಳೂ. 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ.

ಬಂದರಿನ ಹಿಂದೆ ದುಕ್ಕಾಲಾ ಬಯಲು. ಗೋಧಿ, ಸಕ್ಕರೆ ಬೀಟ್, ತರಕಾರಿ, ದನಗಳು. ಉಮ್ ಎರ್ ರಬಿಯಾ ನದಿಯ ನೀರಾವರಿಯನ್ನು ಈಚಿನ ಬರಗಾಲ ಬಹಳ ಕುಗ್ಗಿಸಿದೆ. ಟೊಮೆಟೊ ರೇಟು ಏರಿದರೆ ಅಂಗಡಿಯವನ ಹತ್ತಿರ ಜಗಳ ಬೇಡ.

ಸಸ್ಯಾಹಾರಿಗಳು ಬಿಸಾರಾ ಕೇಳಿ. ಒಣಗಿದ ಅವರೆಯಂಥ ಫಾವಾ ಕಾಳು ಬೇಯಿಸಿ ಮಸೆದದ್ದು, ಮೇಲೆ ಆಲಿವ್ ಎಣ್ಣೆ, ಜೀರಿಗೆ. ಹರೀರಾ ಸೂಪಿನಲ್ಲಿ ಬಹಳ ಸಲ ಮಾಂಸ ಇರುತ್ತದೆ, ಕೇಳಿಯೇ ಕುಡಿಯಿರಿ. ಇಂಗ್ಲಿಷ್ ಸಾಲದು. ಕಚೇರಿಗೆ ಫ್ರೆಂಚ್, ಸಂತೆಗೆ ದಾರಿಜಾ, ಅಂದರೆ ಇಲ್ಲಿನ ಆಡುಮಾತಿನ ಅರೇಬಿಕ್, ಒಂದಿಷ್ಟು ಕಲಿಯಿರಿ. ಶುಕ್ರವಾರ ಮಧ್ಯಾಹ್ನ ನಮಾಜು, ಕೂಸ್‌ಕೂಸ್ ಊಟದ ಹೊತ್ತು. ಆಗ ಅರ್ಜಿ ಹಿಡಿದು ಕಚೇರಿಗೆ ಹೋಗಬೇಡಿ.

ಭಾರತಕ್ಕೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ರಂಜಾನ್ ತಿಂಗಳಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಆಗ ಐದೂವರೆ. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅಮ್ಮ ಫೋನ್ ಹಿಡಿದು ಕಾಯುತ್ತಾ ಕೂತಿರುತ್ತಾರೆ.