ಸ್ಮರಣ ಸಂಚಿಕೆಯ ಪುಟದಲ್ಲಿ ಫೋಟೋ ಅಲುಗಾಡದಂತೆ ನಿಲ್ಲಿಸುವುದು ಹೇಗೆ?

ಅಧ್ಯಕ್ಷರ ಭಾವಚಿತ್ರ ಒಂದು ಪುಟದಲ್ಲಿ, ಅವರ ಹೆಸರು ಮುಂದಿನ ಪುಟದ ತಲೆಯಲ್ಲಿ. ಹೋಟೆಲಿನವರು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತನ್ನು ಅರ್ಧ ಮುಚ್ಚಿ ಕುಳಿತ ಯಕ್ಷಗಾನದ ಫೋಟೋ. ಮುಂಬಯಿಯ ಕನ್ನಡ ಸಂಘಗಳ, ಪೂಜಾ ಸಮಿತಿಗಳ ಸ್ಮರಣ ಸಂಚಿಕೆಗಳನ್ನು ತಿರುವಿ ಹಾಕಿದವರಿಗೆ ಇದು ಹೊಸತಲ್ಲ. ಇವನ್ನು ಕಟ್ಟಿಕೊಡುವವರು ಹಗಲೆಲ್ಲ ಕಚೇರಿಯಲ್ಲೋ ಹೋಟೆಲಿನಲ್ಲೋ ದುಡಿದು, ರಾತ್ರಿ ಡೊಂಬಿವಲಿಯಲ್ಲೋ ಭಾಂಡುಪಿನಲ್ಲೋ ಲೋಕಲ್ ಇಳಿದು ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂರುವ ಸ್ವಯಂಸೇವಕರು. ಅವರ ಶ್ರಮ ಹೀಗೆ ಹಾಳಾಗುವುದನ್ನು ವರ್ಷ ವರ್ಷ ನೋಡಿ ಸಂಕಟವಾಗುತ್ತದೆ. ವರ್ಡ್‌ನಲ್ಲಿ ಫೋಟೋ ಯಾವುದಕ್ಕೆ ಕಟ್ಟಿಕೊಂಡಿರುತ್ತದೆ ಎಂದು ಯಾರಾದರೂ ಹೇಳಿಕೊಟ್ಟಿದ್ದರೆ ಮುಕ್ಕಾಲು ಪಾಲು ತೊಂದರೆ ಇರುತ್ತಿರಲಿಲ್ಲ.

ಮೊದಲು ಬರಹ, ಆಮೇಲೆ ಫೋಟೋ

ಪುಟದ ಅಳತೆ ಎ4 ಇರಲಿ, ಮುದ್ರಣಾಲಯದವರು ಹೇಳಿದ ಬೇರೆ ಅಳತೆ ಇರಲಿ, ಮೊದಲೇ ಇಟ್ಟುಕೊಳ್ಳಿ. ಎಲ್ಲ ಲೇಖನಗಳನ್ನೂ ಹಾಕಿ, ಕರಡು ತಿದ್ದಿ ಮುಗಿಸಿ. ಅಲ್ಲಿಯವರೆಗೆ ಒಂದು ಫೋಟೋವನ್ನೂ ಸೇರಿಸಬೇಡಿ. ಅಕ್ಷರ ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತದಲ್ಲೇ, ಇರಲಿ. ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಲೇಖನ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತದೆ. ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಸಾಕು; ನನ್ನ ಆಯ್ಕೆ ಉಚಿತವಾಗಿ ಸಿಗುವ ನೋಟೋ ಸೆರಿಫ್ ಕನ್ನಡ.

ಫೋಟೋಗಳನ್ನು ತರಿಸಿಕೊಳ್ಳುವಾಗ ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಿ: ವಾಟ್ಸಾಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಫೋಟೋ ಆಗಿ ಕಳುಹಿಸಿದರೆ ಅದು ಕುಗ್ಗಿ ಬರುತ್ತದೆ. ಅಚ್ಚಿನಲ್ಲಿ ಹತ್ತು ಸೆಂಟಿಮೀಟರ್ ಅಗಲ ಕಾಣಬೇಕಾದ ಚಿತ್ರಕ್ಕೆ, ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, ಸುಮಾರು 1,200 ಪಿಕ್ಸೆಲ್ ಅಗಲ ಬೇಕು. ವರ್ಡ್ ಕೂಡ ಉಳಿಸುವಾಗ ಚಿತ್ರಗಳನ್ನು ಕುಗ್ಗಿಸುತ್ತದೆ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ನಲ್ಲಿ ಚಿತ್ರಗಳನ್ನು ಕುಗ್ಗಿಸಬೇಡ ಎಂಬ ಆಯ್ಕೆ ಇದೆ. ಫೋಟೋ ಸೇರಿಸುವ ಮೊದಲೇ ಅದಕ್ಕೆ ಗುರುತು ಹಾಕಿ.

ಫೋಟೋ ಸೇರಿಸಿದ ಕೂಡಲೇ

ಇನ್ಸರ್ಟ್‌ಗೆ ಹೋಗಿ ಫೋಟೋ ಸೇರಿಸಿದಾಗ ವರ್ಡ್ ಸಾಮಾನ್ಯವಾಗಿ ಅದನ್ನು ‘ಇನ್ ಲೈನ್ ವಿತ್ ಟೆಕ್ಸ್ಟ್’ ಎಂಬ ಸ್ಥಿತಿಯಲ್ಲಿ ಇಡುತ್ತದೆ. ಆಗ ಫೋಟೋ ಸಾಲಿನೊಳಗಿನ ಒಂದು ದೊಡ್ಡ ಅಕ್ಷರವಾಗಿರುತ್ತದೆ. ಅದನ್ನು ಬೇಕಾದಲ್ಲಿಗೆ ಎಳೆದು ಇಡಲಾಗದು. ಕೆಲವೊಮ್ಮೆ ಫೋಟೋದ ಬದಲು ತೆಳುವಾದ ಒಂದು ಪಟ್ಟಿ ಮಾತ್ರ ಕಾಣುತ್ತದೆ. ಫೋಟೋ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಸೇರಿಸುವವರಿದ್ದಾರೆ. ಆ ಪ್ಯಾರಾದ ಸಾಲುಗಳ ಅಂತರ ‘ಎಕ್ಸಾಕ್ಟ್‌ಲೀ’ ಎಂದಿರುತ್ತದೆ, ಅಷ್ಟೇ. ಅದನ್ನು ‘ಸಿಂಗಲ್’ ಮಾಡಿದರೆ ಇಡೀ ಫೋಟೋ ಮೇಲೆದ್ದು ಬರುತ್ತದೆ.

ಫೋಟೋ ಮೇಲೆ ಕ್ಲಿಕ್ ಮಾಡಿದರೆ ಮೂಲೆಯಲ್ಲಿ ಲೇಔಟ್ ಆಯ್ಕೆಯ ಪುಟ್ಟ ಗುಂಡಿ ಬರುತ್ತದೆ. ಅಲ್ಲಿ ಲೇಖನದ ನಡುವಿನ ಫೋಟೋಗೆ ಬರಹ ಸುತ್ತ ಹರಿಯುವ ‘ಸ್ಕ್ವೇರ್’, ಪೂರ್ತಿ ಅಗಲದ ಫೋಟೋಗೆ ‘ಟಾಪ್ ಆ್ಯಂಡ್ ಬಾಟಮ್’ ಆರಿಸಿ. ಮಿಕ್ಕವನ್ನು ಮರೆತುಬಿಡಿ. ಅದರಲ್ಲೂ ‘ಬಿಹೈಂಡ್ ಟೆಕ್ಸ್ಟ್’ ಬೇಡವೇ ಬೇಡ. ದೇವರ ಚಿತ್ರವನ್ನು ಮಸುಕಾಗಿಸಿ ಅದರ ಮೇಲೆ ಲೇಖನ ಅಚ್ಚು ಮಾಡುವ ರೂಢಿಯಿಂದ ದೇವರೂ ಕಾಣುವುದಿಲ್ಲ, ಲೇಖನವನ್ನೂ ಓದಲಾಗುವುದಿಲ್ಲ.

‘ಸ್ಕ್ವೇರ್’ ಇಟ್ಟ ಫೋಟೋವನ್ನು ಪುಟದ ಅಂಚಿಗೆ ತಾಗಿಸಿ ಇಡಿ, ನಟ್ಟನಡುವೆ ಅಲ್ಲ. ಕನ್ನಡದ ಪದಗಳು ಉದ್ದ. ‘ಕಾರ್ಯಕಾರಿಣಿಯವರೊಂದಿಗೆ’ ಎಂಬಂಥ ಪದ ಇಕ್ಕಟ್ಟಾದ ಸಾಲಿಗೆ ಬಿದ್ದರೆ ಎರಡೇ ಪದಗಳ ನಡುವೆ ಹೊಂಡದಂಥ ಖಾಲಿ ಜಾಗ ಬೀಳುತ್ತದೆ.

ಗೂಟ ಎಲ್ಲಿದೆ ನೋಡಿ

ಕಷ್ಟ ಇರುವುದು ಇಲ್ಲಿ. ‘ಸ್ಕ್ವೇರ್’ ಮಾಡಿದ ಫೋಟೋ ಪುಟಕ್ಕೆ ಅಂಟಿಕೊಂಡಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ. ಅದು ಯಾವುದೋ ಒಂದು ಪ್ಯಾರಾಕ್ಕೆ, ಗೂಟಕ್ಕೆ ಕಟ್ಟಿದ ದನದಂತೆ, ಕಟ್ಟಿಕೊಂಡಿರುತ್ತದೆ. ಪ್ಯಾರಾ ಮುಂದಿನ ಪುಟಕ್ಕೆ ಸರಿದರೆ ಫೋಟೋ ಕೂಡ ಸರಿಯುತ್ತದೆ. ಪ್ಯಾರಾವನ್ನು ಪೂರ್ತಿಯಾಗಿ ಅಳಿಸಿದರೆ ಫೋಟೋ ಕೂಡ ಅಳಿಸಿಹೋಗುತ್ತದೆ. ‘ಯಾವುದೋ ಸಾಲು ತೆಗೆದೆ, ಫೋಟೋ ಮಾಯವಾಯಿತು’ ಎಂಬ ದೂರಿನ ಹಿಂದೆ ಇರುವುದು ಇದೇ.

ಆ ಗೂಟವನ್ನು ಕಣ್ಣಿಂದ ನೋಡಬಹುದು. ಫೈಲ್, ಆಪ್ಷನ್ಸ್, ಡಿಸ್‌ಪ್ಲೇಗೆ ಹೋಗಿ ‘ಆಬ್ಜೆಕ್ಟ್ ಆ್ಯಂಕರ್ಸ್’ ಎಂಬಲ್ಲಿ ಗುರುತು ಹಾಕಿ. ಈಗ ಫೋಟೋ ಮೇಲೆ ಕ್ಲಿಕ್ ಮಾಡಿದರೆ ಎಡ ಅಂಚಿನಲ್ಲಿ, ಯಾವುದೋ ಒಂದು ಪ್ಯಾರಾದ ಪಕ್ಕ, ಹಡಗಿನ ಲಂಗರಿನ ಸಣ್ಣ ಚಿಹ್ನೆ ಕಾಣುತ್ತದೆ. ಫೋಟೋವನ್ನು ಪುಟದ ಕೆಳಕ್ಕೆ ಎಳೆಯಿರಿ: ಲಂಗರು ಕೂಡ ಜಿಗಿದು ಹತ್ತಿರದ ಪ್ಯಾರಾಕ್ಕೆ ಹೋಗುತ್ತದೆ. ಹೀಗೆ ಎಳೆದಾಡುತ್ತಾ ಹೋದಂತೆ ಅಧ್ಯಕ್ಷರ ಫೋಟೋ ಕಾರ್ಯದರ್ಶಿಗಳ ವರದಿಗೆ ಕಟ್ಟಿಕೊಂಡಿರುತ್ತದೆ, ನಿಮಗೆ ಗೊತ್ತೇ ಆಗಿರುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಲಂಗರನ್ನೇ ಮೌಸ್‌ನಿಂದ ಹಿಡಿದು, ಫೋಟೋ ಯಾವ ಲೇಖನದ್ದೋ ಆ ಲೇಖನದ ಪ್ಯಾರಾದ ಪಕ್ಕಕ್ಕೆ ತನ್ನಿ. ಶೀರ್ಷಿಕೆಯ ಕೆಳಗಿನ ಮೊದಲ ಪ್ಯಾರಾ ಒಳ್ಳೆಯದು, ಅದನ್ನು ಯಾರೂ ಪೂರ್ತಿ ಅಳಿಸುವುದಿಲ್ಲ. ಆಮೇಲೆ ಲೇಔಟ್ ಆಯ್ಕೆಗಳಲ್ಲಿ ‘ಸೀ ಮೋರ್’ ಒತ್ತಿ, ಪೊಸಿಷನ್ ಪುಟದಲ್ಲಿ ‘ಲಾಕ್ ಆ್ಯಂಕರ್’ಗೆ ಗುರುತು ಹಾಕಿ. ಇನ್ನು ಅದೇ ಪುಟದೊಳಗೆ ಫೋಟೋವನ್ನು ಎಷ್ಟು ಸರಿಸಿದರೂ ಗೂಟ ಬದಲಾಗದು. ಅಲ್ಲೇ ಇರುವ ‘ಅಲೋ ಓವರ್‌ಲ್ಯಾಪ್’ನ ಗುರುತನ್ನು ತೆಗೆದುಹಾಕಿ, ಒಂದು ಫೋಟೋ ಇನ್ನೊಂದರ ಮೇಲೆ ಏರುವುದು ನಿಲ್ಲುತ್ತದೆ.

‘ಫಿಕ್ಸ್ ಪೊಸಿಷನ್ ಆನ್ ಪೇಜ್’ ಎಂಬ ಆಯ್ಕೆಯನ್ನು ಬಹಳ ಮಂದಿ ನಂಬಿ ಕೆಡುತ್ತಾರೆ. ಅದು ಫೋಟೋವನ್ನು ಪುಟದಲ್ಲಿ ಒಂದೇ ಎತ್ತರದಲ್ಲಿ ನಿಲ್ಲಿಸುತ್ತದೆ, ನಿಜ. ಆದರೆ ಯಾವ ಪುಟ? ಲಂಗರಿರುವ ಪ್ಯಾರಾ ಯಾವ ಪುಟದಲ್ಲಿದೆಯೋ ಆ ಪುಟ. ಮೇಲೆ ನಾಲ್ಕು ಸಾಲು ಸೇರಿ ಪ್ಯಾರಾ ಮುಂದಕ್ಕೆ ಹೋಯಿತೋ, ಫೋಟೋ ಮುಂದಿನ ಪುಟದಲ್ಲಿ ಅದೇ ಎತ್ತರದಲ್ಲಿ ನಿಂತಿರುತ್ತದೆ. ಬರಹದ ಹಂಗಿಲ್ಲದೆ ಪುಟಕ್ಕೇ ಕಟ್ಟುವ ಸೌಲಭ್ಯ ವರ್ಡ್‌ನಂಥದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ನಲ್ಲಿದೆ, ವರ್ಡ್‌ನಲ್ಲಿಲ್ಲ. ಹಾಗಾಗಿ ಪ್ರತಿ ಲೇಖನದ ಕೊನೆಯಲ್ಲಿ ಕಂಟ್ರೋಲ್ ಮತ್ತು ಎಂಟರ್ ಒತ್ತಿ ಪುಟ ಮುರಿಯಿರಿ. ಎಂಟರ್ ಕೀಲಿಯನ್ನು ಸಾಲಾಗಿ ಕುಟ್ಟಿ ಮುಂದಿನ ಪುಟಕ್ಕೆ ಇಳಿಯುವ ಅಭ್ಯಾಸವನ್ನು ಇವತ್ತೇ ಬಿಡಿ. ಒಂದು ಸಾಲು ತಿದ್ದಿದರೂ ಹಾಗೆ ಕಟ್ಟಿದ ಪುಟಗಳೆಲ್ಲ ಕುಸಿಯುತ್ತವೆ.

ಹೆಸರು ಫೋಟೋದ ಜೊತೆಗೇ ಇರಲಿ

ಫೋಟೋ ಒಂದು ಕಡೆ, ಹೆಸರಿನ ಟೆಕ್ಸ್ಟ್ ಬಾಕ್ಸ್ ಇನ್ನೊಂದು ಕಡೆ ಇಟ್ಟರೆ ಎರಡು ಲಂಗರು, ಎರಡು ತಲೆನೋವು. ಎರಡನ್ನೂ ಆರಿಸಿ ‘ಗ್ರೂಪ್’ ಮಾಡಬಹುದು, ಆದರೆ ಸಾಲಿನೊಳಗಿರುವ ಫೋಟೋ ಗ್ರೂಪಿಗೆ ಸೇರುವುದಿಲ್ಲ. ಮೊದಲು ಟೆಕ್ಸ್ಟ್ ಬಾಕ್ಸ್ ಎಳೆಯಿರಿ, ಅದರೊಳಗೆ ಫೋಟೋ ಸೇರಿಸಿ, ಎಂಟರ್ ಒತ್ತಿ ಕೆಳಗೆ ಹೆಸರು ಬರೆಯಿರಿ. ಬಾಕ್ಸಿನೊಳಗಿನ ಫೋಟೋ ‘ಇನ್ ಲೈನ್’ ಆಗಿಯೇ ಇರಲಿ. ಈಗ ಇಡೀ ಬಾಕ್ಸಿಗೆ ಒಂದೇ ಲಂಗರು. ಬಾಕ್ಸಿನ ಗೆರೆ ತೆಗೆದುಬಿಡಿ. ‘ರೀಸೈಜ್ ಶೇಪ್ ಟು ಫಿಟ್ ಟೆಕ್ಸ್ಟ್’ಗೆ ಗುರುತು ಹಾಕಿ, ಇಲ್ಲದಿದ್ದರೆ ಕೊನೆಯ ಸಾಲಿನ ಒತ್ತಕ್ಷರ ಬಾಕ್ಸಿನ ತಳದಲ್ಲಿ ಕತ್ತರಿಸಿಹೋಗಿ ‘ಶೆಟ್ಟಿ’ ‘ಶೆಟಿ’ ಆಗುತ್ತಾರೆ.

ವರ್ಡ್ ಒದಗಿಸುವ ಬಣ್ಣಬಣ್ಣದ ಸಿದ್ಧ ಟೆಕ್ಸ್ಟ್ ಬಾಕ್ಸುಗಳನ್ನು ಮುಟ್ಟಬೇಡಿ. ಅವುಗಳ ಗೆರೆ, ಬಣ್ಣ, ಅಂತರ ಕಳಚುವಷ್ಟರಲ್ಲಿ ಹೊಸದೊಂದನ್ನು ಎಳೆದು ಮುಗಿಸಬಹುದು.

ಕಾರ್ಯಕಾರಿಣಿಯ ಸದಸ್ಯರ ಸಾಲು ಸಾಲು ಫೋಟೋಗಳಿಗೆ ಟೆಕ್ಸ್ಟ್ ಬಾಕ್ಸ್ ಬೇಡ, ಟೇಬಲ್ ಹಾಕಿ. ಒಂದು ಚೌಕದಲ್ಲಿ ಒಬ್ಬರ ಫೋಟೋ, ಅದರ ಕೆಳಗೇ ಹೆಸರು, ಹುದ್ದೆ. ಅಂಕಣದ ಅಗಲ ಸ್ಥಿರವಾಗಿರಲಿ, ಸಾಲು ಎರಡು ಪುಟಕ್ಕೆ ಒಡೆಯಲು ಬಿಡುವ ಗುರುತನ್ನು ತೆಗೆಯಿರಿ, ಗೆರೆಗಳನ್ನು ಅಳಿಸಿ. ಫೋಟೋಗಳನ್ನು ಮೂಲೆ ಹಿಡಿದೇ ಎಳೆಯಿರಿ. ಪಕ್ಕದಿಂದ ಎಳೆದರೆ ಮುಖ ಅಗಲವಾಗುತ್ತದೆ. ಎಲ್ಲರ ಎತ್ತರ ಒಂದೇ ಇರಲಿ. ಖಜಾಂಚಿಯ ಮುಖ ಉಪಾಧ್ಯಕ್ಷರಿಗಿಂತ ದೊಡ್ಡದಾದರೆ ಏನಾಗುತ್ತದೆ ಎಂದು ಸಂಘದಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ.

ಮುದ್ರಣಕ್ಕೆ

ವರ್ಡ್ ಕಡತವನ್ನು ಕಳುಹಿಸಬೇಡಿ, ಪಿಡಿಎಫ್ ಮಾಡಿ ಕಳುಹಿಸಿ. ವರ್ಡ್‌ನ ‘ಸೇವ್ ಆ್ಯಸ್’ನಲ್ಲೇ ಅದು ಇದೆ, ಉಚಿತವೆಂದು ಹೇಳಿಕೊಳ್ಳುವ ಪರಿವರ್ತನೆ ತಾಣಗಳ ಸಹವಾಸ ಬೇಡ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮುಂಬಯಿಯ ಮುದ್ರಣಾಲಯದಲ್ಲಿ ಪುಟ ನೋಡಿಕೊಳ್ಳುವವರು ಹೆಚ್ಚಾಗಿ ಮರಾಠಿ, ಹಿಂದಿ ಬಲ್ಲವರು. ಒತ್ತು ಒಡೆದು ಪಕ್ಕಕ್ಕೆ ಬಿದ್ದರೆ, ಒಬ್ಬರ ಫೋಟೋದ ಕೆಳಗೆ ಇನ್ನೊಬ್ಬರ ಹೆಸರು ಬಂದರೆ, ಅವರಿಗೆ ತಿಳಿಯುವಂತಿಲ್ಲ. ಊರಿನ ಮುದ್ರಣಾಲಯದಲ್ಲಾದರೆ ಯಾರಾದರೂ ಹಿಡಿದಾರು. ಇಲ್ಲಿ ಕೊನೆಯ ಕನ್ನಡದ ಕಣ್ಣು ನಿಮ್ಮದೇ. ಪಿಡಿಎಫ್‌ನ ಒಂದು ಪ್ರತಿಯನ್ನು ಕಾಗದದ ಮೇಲೆ ತೆಗೆದು, ಫೋಟೋ ಮತ್ತು ಹೆಸರುಗಳನ್ನು ಬೆರಳಿಟ್ಟು ಒಂದೊಂದಾಗಿ ತಾಳೆ ನೋಡಿ. ಸದಸ್ಯರನ್ನೆಲ್ಲ ಮುಖ ನೋಡಿ ಗುರುತಿಸಬಲ್ಲ ಹಿರಿಯರೊಬ್ಬರಿಗೂ ತೋರಿಸಿ, ಅವರ ಸಹಿ ಹಾಕಿಸಿಕೊಂಡ ಮೇಲೆ ಕಳುಹಿಸಿ.