ಗೋರಿಗಳ ಸಾಲು ಹಿಡಿದು ಶ್ರೀರಂಗಪಟ್ಟಣ

ಶ್ರೀರಂಗಪಟ್ಟಣಕ್ಕೆ ಹತ್ತಾರು ಸಲ ಹೋಗಿದ್ದರೂ ಅಲ್ಲಿನ ಗ್ಯಾರಿಸನ್ ಸ್ಮಶಾನದೊಳಗೆ, ಅಂದರೆ ಬ್ರಿಟಿಷರ ಕಾಲದ ಕೋಟೆಪಡೆಯವರ ಗೋರಿಗಳ ನಡುವೆ, ನಾನು ಕಾಲಿಟ್ಟದ್ದು ತೀರಾ ತಡವಾಗಿ. ಮೊದಲ ಸಲ ಮಾಡಿದ್ದೆಲ್ಲ ತಪ್ಪು. ನಡುಮಧ್ಯಾಹ್ನ ಹೋಗಿದ್ದೆ; ಸವೆದ ಅಕ್ಷರಗಳು ನೆತ್ತಿಯ ಮೇಲಿನ ಬಿಸಿಲಿಗೆ ಕಾಣಿಸಲೇ ಇಲ್ಲ. ಕಂಡ ಕಲ್ಲುಗಳನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡು ಮನೆಗೆ ಬಂದು ನೋಡಿದರೆ, ಯಾವ ಗೋರಿ ಯಾವುದರ ಪಕ್ಕದ್ದು ಎಂಬುದೇ ತಿಳಿಯಲಿಲ್ಲ.

ಎರಡನೆಯ ಸಲ ಬೆಳಿಗ್ಗೆಯೇ ಹೋದೆ. ಓರೆ ಬಿಸಿಲಿಗೆ ಅಕ್ಷರದ ಅಂಚಿನಲ್ಲಿ ತೆಳು ನೆರಳು ಬೀಳುತ್ತದೆ, ಓದುವುದಕ್ಕೆ ಅಷ್ಟು ಸಾಕು. ಮರದ ಕೆಳಗಿನ ಕಲ್ಲುಗಳಿಗೆ ಕ್ಷೌರದ ಕನ್ನಡಿಯಿಂದ ಬೆಳಕು ಹಾಯಿಸಿದೆ. ಸೀಮೆಸುಣ್ಣ ಬಳಿಯುವವರನ್ನೂ ತಂತಿ ಬ್ರಷ್ಷಿನಿಂದ ಉಜ್ಜುವವರನ್ನೂ ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಓದಿದ್ದನ್ನು ಮುಂದಿನವರು ಓದಲಾರರು. ನೋಟ್‌ಬುಕ್ಕಿನಲ್ಲಿ ಸಾಲು, ಮರಣದ ವರ್ಷ, ವಯಸ್ಸು, ಪಡೆ ಎಂದು ಗೆರೆ ಎಳೆದುಕೊಂಡೆ. ಹೆಸರಿಗೆ ಕೊನೆಯ ಜಾಗ. ಹೆಸರಿನ ಬೆನ್ನು ಹತ್ತಿದರೆ ಒಬ್ಬಿಬ್ಬರ ಕಥೆಯಲ್ಲೇ ದಿನ ಮುಗಿಯುತ್ತದೆ.

ನೋಟ್‌ಬುಕ್ಕಿನ ಪಡೆಯ ಕಲಂ ಮೊದಲು ಅಚ್ಚರಿ ಹುಟ್ಟಿಸಿತು. ಇಂಗ್ಲಿಷರ ಸ್ಮಶಾನ ಎಂದುಕೊಂಡು ಹೋದವನಿಗೆ ಸಿಕ್ಕಿದವರು ಸ್ವಿಸ್ಸರು! ಈಗಿನ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ ಎಂಬಾತ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ಬಾಡಿಗೆ ಸೈನಿಕರ ಪಡೆ ಅವರದು. ಆ ಪಡೆ 1795ರಲ್ಲಿ ಸಿಂಹಳದಲ್ಲಿ ಬ್ರಿಟಿಷರ ಕಡೆಗೆ ಬಂದು, ನಾಲ್ಕು ವರ್ಷದ ಬಳಿಕ ಟಿಪ್ಪುವಿನ ಕೋಟೆಯ ಮುಂದೆ ನಿಂತಿತು.

ವರ್ಷಗಳ ಕಲಂ ಅದಕ್ಕಿಂತ ಹೆಚ್ಚು ಕಾಡಿತು. ಕೋಟೆ ಬಿದ್ದದ್ದು 1799ರ ಮೇ 4ರಂದು. ಇಲ್ಲಿನ ಗೋರಿಗಳಾದರೋ ಬಹುತೇಕ ಅದರ ಮುಂದಿನ ವರ್ಷಗಳವು. ಗೆದ್ದವರು ಯುದ್ಧ ಮುಗಿದ ಮೇಲೆ, ಹೆಂಡಿರು ಮಕ್ಕಳ ಸಮೇತ ಇಲ್ಲಿ ಮಣ್ಣಾಗಿದ್ದರು. ಏಕೆಂದು ಕಲ್ಲು ಹೇಳುವುದಿಲ್ಲ. ಉತ್ತರ ಸಿಕ್ಕಿದ್ದು ಬೆಂಗಳೂರಿನ ದಂಡಿನ ಇತಿಹಾಸದಲ್ಲಿ: ದ್ವೀಪದ ಜ್ವರ ತಾಳಲಾರದೆ 1809ರ ಹೊತ್ತಿಗೆ ಬ್ರಿಟಿಷರು ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿದರು. ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಜ್ವರಕ್ಕೆ ಕೆಟ್ಟ ಗಾಳಿ ಕಾರಣವೆಂದು ಆಗ ನಂಬಿದ್ದರು. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ.

ಅಂದಿನಿಂದ ಒಂದೇ ಜಾಗ ನೋಡಿ ಹಿಂತಿರುಗುವುದನ್ನು ಬಿಟ್ಟಿದ್ದೇನೆ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಚಿತ್ರದಲ್ಲಿ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನವಿದೆ. ಗಾಯಗೊಂಡ ಬ್ರಿಟಿಷ್ ಸೇನಾನಿ ಕರ್ನಲ್ ಬೈಲಿ ಅಲ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಸೆರೆಸಿಕ್ಕ ಆತ 1782ರಲ್ಲಿ ಇದೇ ಊರಿನಲ್ಲಿ ಸತ್ತ. ಅವನ ಸಂಬಂಧಿಕನೊಬ್ಬ 1816ರಲ್ಲಿ ಕಟ್ಟಿಸಿದ ಸ್ಮಾರಕ ಗುಂಬಜ್‌ನ ಬಳಿಯೇ ಇದೆ. ಗುಂಬಜ್‌ನೊಳಗೆ ಹೈದರ್, ಟಿಪ್ಪುವಿನ ಗೋರಿಗಳು. ಪ್ರವಾಸಿಗರ ಬಸ್ಸುಗಳು ಗುಂಬಜ್‌ನ ಮುಂದೆ ನಿಲ್ಲುತ್ತವೆ, ಬೈಲಿಯ ಕಡೆಗೆ ಯಾರೂ ತಿರುಗುವುದಿಲ್ಲ.

ಮೂರನೆಯ ಭೇಟಿಯಲ್ಲಿ ಸ್ಮಶಾನದ ಕೊನೆಯ ಸಾಲನ್ನು ಬರೆದುಕೊಳ್ಳುವಾಗ ಹೊತ್ತು ಇಳಿಯುತ್ತಿತ್ತು. ಹತ್ತಿರವೇ ಕಾವೇರಿ. ಇನ್ನೂ ನಾಲ್ಕು ಕಲ್ಲು ಉಳಿದಿದ್ದವು, ಸೊಳ್ಳೆಗಳು ಬಿಡಲಿಲ್ಲ. ಪುಸ್ತಕ ಮುಚ್ಚಿ ಬಸ್ ನಿಲ್ದಾಣದ ಕಡೆಗೆ ನಡೆದೆ.