ವಯಸ್ಸಾದ ರಾಕ್ ಗಾಯಕರು ಶ್ರುತಿ ಎಷ್ಟು ಇಳಿಸಿದ್ದಾರೆ? ಪತ್ತೆ ಹಚ್ಚುವ ಬಗೆ

ಒಂದೇ ಹಾಡಿನ ಹಳೆಯ ಆಲ್ಬಮ್ ರೂಪ, ಇತ್ತೀಚಿನ ಲೈವ್ ರೂಪ ಎರಡನ್ನೂ ಇಟ್ಟುಕೊಳ್ಳಿ. ಮೊದಲು ಗಾಯಕರನ್ನಲ್ಲ, ಗಿಟಾರ್ ಕೇಳಿ: ಮೇಲಿನ ಸ್ವರ ಗಾಯಕರಿಗೆ ಎಟುಕದಾದಾಗ ಇಳಿಸುವುದು ಗಿಟಾರ್ ಶ್ರುತಿಯನ್ನೇ. ಟ್ಯೂನರ್ ಆ್ಯಪ್‌ನಲ್ಲಿ ದಪ್ಪ ತಂತಿಯ ಖಾಲಿ (ಬೆರಳೊತ್ತದ) ಸ್ವರ 82.4 ಹರ್ಟ್ಸ್ ತೋರಿಸಿದರೆ ಮಾಮೂಲಿ ಶ್ರುತಿ, 77.8 ಅಂದರೆ ಅರ್ಧ ಸ್ವರ ಇಳಿದಿದೆ. 73.4 ಬಂದರೆ ಅವಸರ ಬೇಡ, ಆ ಒಂದೇ ತಂತಿಯನ್ನು ಸಡಿಲಿಸಿರಬಹುದು. ಪಕ್ಕದ ತಂತಿಯೂ 110ರಿಂದ 98ಕ್ಕೆ ಬಂದಿದ್ದರೆ ಮಾತ್ರ ಪೂರ್ತಿ ಒಂದು ಸ್ವರ ಇಳಿಸಿದ್ದಾರೆ.

ಇಳಿದ ಶ್ರುತಿಯೆಲ್ಲ ಮುಪ್ಪಲ್ಲ. ಗನ್ಸ್ ಎನ್ ರೋಸಸ್ ರಾಕ್ ತಂಡ 1987ರ ಮೊದಲ ಆಲ್ಬಮ್‌ನಲ್ಲೇ ಅರ್ಧ ಸ್ವರ ಕೆಳಗಿತ್ತು. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ಕ್ಕೆ ಓಡಿಸಿದ ಹಳೆಯ ವಿಡಿಯೊ ನಂಬಬೇಡಿ, ಶ್ರುತಿ ಶೇ. 4ರಷ್ಟು ಏರಿರುತ್ತದೆ.

ಈಗ ಪಲ್ಲವಿಯ ತುತ್ತತುದಿಯ ಸ್ವರಕ್ಕೆ ಕಿವಿಗೊಡಿ: ಮೊಟಕಾಯಿತೇ, ಸಹಗಾಯಕರ ಪಾಲಾಯಿತೇ, ಇಲ್ಲಾ ಮೈಕು ಪ್ರೇಕ್ಷಕರತ್ತ ತಿರುಗಿತೇ?